ಎಮ್ಮೆ ಹೋಯಿತು, ಹುಲ್ಲು ಬಂತು: ಭರತಪುರದ ಹಕ್ಕಿಕೆರೆಯ ಕಥೆ

ರಾಜಸ್ತಾನದ ಭರತಪುರದ ಅಂಚಿನಲ್ಲಿ, ಕೇವಲಾದೇವನೆಂಬ ಶಿವನ ಪುಟ್ಟ ಗುಡಿಯ ಸಮೀಪ, ಒಂದಷ್ಟು ಕಲ್ಲಿನ ಫಲಕಗಳಿವೆ. ದೂರದಿಂದ ಕಂಡವರು ಯಾವುದೋ ಅರಸ ಬರೆಸಿದ ದಾನಶಾಸನವೆಂದುಕೊಂಡಾರು. ಹತ್ತಿರ ಹೋಗಿ ಓದಿದರೆ ವಿಷಯವೇ ಬೇರೆ. ಯಾವ ದಿನ, ಯಾರ ಗೌರವಾರ್ಥ, ಎಷ್ಟು ಬಂದೂಕು, ಎಷ್ಟು ಹಕ್ಕಿ ಎಂಬ ಬೇಟೆಯ ಲೆಕ್ಕ ಅದು! 1938ರ ನವೆಂಬರ್ 12ರ ಸಾಲಿನಲ್ಲಿ ಕೆತ್ತಿರುವ ಅಂಕಿ 4,273. ಅಂದು ಬಂದಿದ್ದ ಅತಿಥಿ ವೈಸರಾಯ್ ಲಾರ್ಡ್ ಲಿನ್‌ಲಿತ್ಗೊ. ಬೆಳಗಿನಿಂದ ಸಂಜೆಯೊಳಗೆ ಗುಂಡಿಗೆ ಬಿದ್ದ ಬಾತುಕೋಳಿ, ಹೆಬ್ಬಾತುಗಳ ಸಂಖ್ಯೆ ಅದು.

ಇಷ್ಟು ಹಕ್ಕಿಗಳನ್ನು ಕೊಂದ ಅದೇ ನೀರಿನ ಮೇಲೆ ಇಂದು ಬಂದೂಕಿನ ಸದ್ದಿಲ್ಲ. ಕೇವಲಾದೇವ ರಾಷ್ಟ್ರೀಯ ಉದ್ಯಾನವೆಂದು ಅದರ ಹೆಸರು. ದಟ್ಟ ಕಾಡೆಂಬ ಅರ್ಥದಲ್ಲಿ ಸ್ಥಳೀಯರು 'ಘನಾ' ಎನ್ನುತ್ತಾರೆ. ತಾಜಮಹಲ್ ನೋಡಲು ಆಗ್ರಾಕ್ಕೆ ಹೋದವರಿಗೆ ಅಲ್ಲಿಂದ ಸುಮಾರು 50 ಕಿಲೋಮೀಟರ್. ವಿಸ್ತೀರ್ಣ ಕೇವಲ 28.73 ಚದರ ಕಿಲೋಮೀಟರ್. ನಮ್ಮ ಬಂಡೀಪುರ, ನಾಗರಹೊಳೆಗಳ ಮುಂದೆ ಒಂದು ಹಿತ್ತಿಲು! ಆದರೆ ಈ ಹಿತ್ತಿಲಿನಲ್ಲಿ ದಾಖಲಾಗಿರುವ ಹಕ್ಕಿಗಳ ಜಾತಿ 350ಕ್ಕೂ ಹೆಚ್ಚು.

ಕೈಯಿಂದ ಕಟ್ಟಿದ ಕಾಡು

ಭರತಪುರದ ಮೊದಲ ಸ್ವಾರಸ್ಯವೆಂದರೆ, ಅದು ಪೂರ್ತಿ ಪ್ರಕೃತಿಯ ಸೃಷ್ಟಿಯಲ್ಲ. ಅಲ್ಲಿ ಮೂಲತಃ ಇದ್ದದ್ದು ಒಂದು ತಗ್ಗು. ಮಳೆಗಾಲದಲ್ಲಿ ಗಂಭೀರ್ ಮತ್ತು ಬಾಣಗಂಗಾ ನದಿಗಳು ಉಕ್ಕಿದಾಗ ನೀರು ಬಂದು ನಿಲ್ಲುತ್ತಿತ್ತು, ಬೇಸಿಗೆಯಲ್ಲಿ ಒಣಗುತ್ತಿತ್ತು. 18ನೇ ಶತಮಾನದಲ್ಲಿ ಭರತಪುರದ ಜಾಟ್ ದೊರೆ ಸೂರಜ್‌ಮಲ್ ಅಜಾನ್ ಬಂಧ್ ಎಂಬ ಮಣ್ಣಿನ ಏರಿ ಕಟ್ಟಿಸಿದ. 19ನೇ ಶತಮಾನದ ಕೊನೆಯಲ್ಲಿ ಭರತಪುರದ ಆಡಳಿತ ನೋಡಿಕೊಳ್ಳುತ್ತಿದ್ದ ಮೋರ್ವಿ ಸಂಸ್ಥಾನದ ರಾಜಕುಮಾರ ಹರಭಾಮಜಿ, ಇಂಗ್ಲೆಂಡಿನಲ್ಲಿ ಕಂಡಿದ್ದ ಬಾತುಬೇಟೆಯ ಕೊಳಗಳ ಮಾದರಿಯನ್ನು ಇಲ್ಲಿ ತಂದ. ಕಾಲುವೆ, ತೂಬು, ಸಣ್ಣ ಸಣ್ಣ ಏರಿಗಳನ್ನು ಕಟ್ಟಿ ಇಡೀ ತಗ್ಗನ್ನು ಮಡಿಮಡಿಯಾಗಿ ವಿಂಗಡಿಸಿದರು. ಮೊದಲ ದೊಡ್ಡ ಬೇಟೆ ನಡೆದದ್ದು 1902ರಲ್ಲಿ, ಲಾರ್ಡ್ ಕರ್ಜನ್ ಬಂದಾಗ.

ನಮ್ಮ ಹಳೆಯ ಕೆರೆಗಳನ್ನು ಬಲ್ಲವರಿಗೆ ಈ ಏರ್ಪಾಟು ಹೊಸದಲ್ಲ. ಏರಿಯ ಮೇಲೆ ಮಣ್ಣು ತುಂಬಿ ಜಾಲಿಮರ ನೆಟ್ಟರೆ ನೀರು ಬಂದಾಗ ಅದೇ ದ್ವೀಪವಾಗುತ್ತದೆ. ನರಿ, ಕಾಡುಬೆಕ್ಕು ಸುಲಭವಾಗಿ ದಾಟಿ ಬರಲಾರವು. ಕೊಕ್ಕರೆಗಳಿಗೆ ಇನ್ನೇನು ಬೇಕು? ಜುಲೈನಲ್ಲಿ ಅಜಾನ್ ಬಂಧ್‌ನ ತೂಬು ತೆರೆದು ನೀರು ಬಿಟ್ಟರೆ ಅದರ ಜೊತೆಗೆ ಕೋಟ್ಯಂತರ ಮೀನುಮರಿಗಳೂ ಹರಿದುಬರುತ್ತಿದ್ದವು. ಮರಿಗಳು ಬೆಳೆಯುವ ಹೊತ್ತಿಗೆ ಸರಿಯಾಗಿ ಮರಗಳ ಮೇಲೆ ಗೂಡುಗಳು ಏಳುತ್ತಿದ್ದವು. ಬಾಯ್ಕಳಕ, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಚಮಚದ ಕೊಕ್ಕಿನ ಹಕ್ಕಿ, ತುಸು ತಡವಾಗಿ ಬಣ್ಣದ ಕೊಕ್ಕರೆ. ಒಂದೇ ಜಾಲಿಮರದ ಮೇಲೆ ನಾಲ್ಕೈದು ಜಾತಿಯ ಗೂಡುಗಳು. ಹಕ್ಕಿಗಳ ಕಾಲೋನಿ ಎನ್ನುವುದು ಇದನ್ನೇ. ನೀರು ಬಾರದ ವರ್ಷ ಇವು ಗೂಡು ಕಟ್ಟುವುದೇ ಇಲ್ಲ. ಹೊಟ್ಟೆಗಿಲ್ಲದ ಮನೆಯಲ್ಲಿ ಮಕ್ಕಳನ್ನು ಹೆರಬಾರದೆಂಬ ವಿವೇಕ ಅವಕ್ಕಿದೆ!

ನೀರು ನಿಲ್ಲುವ ಜಾಗ ಒಟ್ಟು ಉದ್ಯಾನದ ಸುಮಾರು ಮೂರನೇ ಒಂದು ಭಾಗ ಮಾತ್ರ. ಉಳಿದದ್ದು ಹುಲ್ಲುಗಾವಲು, ಕುರುಚಲು, ಕದಂಬ ಮತ್ತು ನೇರಳೆಯ ತೋಪು. ಹುಲ್ಲುಗಾವಲಿನಲ್ಲಿ ಎರಡು ಹುಲ್ಲುಗಳು ಮುಖ್ಯ. ಒಂದು ನಮ್ಮ ಪೂಜೆಯ ದರ್ಭೆ. ಇನ್ನೊಂದು ಬೇಸಿಗೆಯಲ್ಲಿ ತಂಪಿನ ತಟ್ಟಿ ಕಟ್ಟುವ ಲಾಮಂಚ. ಹಕ್ಕಿ ನೋಡಲು ಬಂದವರು ಸಾಮಾನ್ಯವಾಗಿ ಈ ಕಡೆ ತಲೆ ಹಾಕುವುದಿಲ್ಲ. ಅದು ಅವರಿಗೇ ನಷ್ಟ. ನೀಲ್‌ಗಾಯ್, ಜಿಂಕೆ, ಕಡವೆ, ಕಾಡುಹಂದಿ ಎಲ್ಲ ಇಲ್ಲಿರುತ್ತವೆ. ಚಳಿಗಾಲದ ಬೆಳಿಗ್ಗೆ ಬಿಸಿಲೇರಿದ ಮೇಲೆ ಹೆಬ್ಬಾವುಗಳು ಬಿಲದ ಬಾಯಲ್ಲಿ ಮೈ ಕಾಯಿಸುತ್ತ ಬಿದ್ದಿರುತ್ತವೆ. ಬಿಲ ಅವು ತೋಡಿದ್ದಲ್ಲ, ಮುಳ್ಳುಹಂದಿಯದ್ದು. ಎಷ್ಟೋ ಸಲ ಮನೆಯೊಡೆಯನೂ ಬಾಡಿಗೆದಾರನೂ ಒಂದೇ ಬಿಲದೊಳಗೆ ಇರುವುದುಂಟು.

ಸಲೀಂ ಅಲಿ ಉಳಿಸಿದ ಕೆರೆ

ಸ್ವಾತಂತ್ರ್ಯ ಬಂದ ಮೇಲೆ ಒಂದು ಕೂಗು ಎದ್ದಿತು. ರಾಜರ ಮೋಜಿಗೆಂದು ಇಷ್ಟು ನೀರು, ಇಷ್ಟು ನೆಲ ಏಕೆ? ಕೆರೆ ಒಣಗಿಸಿ ಸಾಗುವಳಿಗೆ ಕೊಡಿ ಎಂದು ಜನ ಕೇಳಿದರು. ಬರಗಾಲ ಕಂಡ ರೈತರ ಈ ಮಾತಿನಲ್ಲಿ ತಪ್ಪಿಲ್ಲ. ಆಗ ಅಡ್ಡ ಬಂದವರು ಪಕ್ಷಿಶಾಸ್ತ್ರಜ್ಞ ಡಾ. ಸಲೀಂ ಅಲಿ. ಪ್ರಧಾನಿ ನೆಹರೂ ಅವರವರೆಗೆ ವಿಷಯ ಒಯ್ದು ಕೆರೆಯನ್ನು ಉಳಿಸಿಕೊಂಡರು. 1956ರಲ್ಲಿ ಅದು ಪಕ್ಷಿಧಾಮವಾಯಿತು. (1940ರಲ್ಲಿ ನಮ್ಮ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿಧಾಮವಾದದ್ದೂ ಇದೇ ಸಲೀಂ ಅಲಿಯವರ ಸಲಹೆಯಿಂದ.) ಬೇಟೆಯ ಹಕ್ಕು ಮಾತ್ರ ಮಹಾರಾಜರ ಬಳಿಯೇ ಉಳಿಯಿತು. ಕೊನೆಯ ದೊಡ್ಡ ಬೇಟೆ 1964ರಲ್ಲಿ ನಡೆದರೆ, ಆ ಹಕ್ಕು ಪೂರ್ತಿ ಹೋದದ್ದು 1972ರಲ್ಲಿ.

1960ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಇಲ್ಲಿ ಬೀಡುಬಿಟ್ಟು ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿದರು. ಹಕ್ಕಿ ಹಿಡಿಯಲು ಕರೆತಂದದ್ದು ಬಿಹಾರದ ಮೀರ್‌ಶಿಕಾರ್ ಎಂಬ ಪಾರಂಪರಿಕ ಬೇಟೆಗಾರರನ್ನು. ಸಂತೆಗೆ ಹಕ್ಕಿ ಹಿಡಿಯುತ್ತಿದ್ದ ಕೈಗಳು ಈಗ ಗರಿಯೂ ಮುರಿಯದಂತೆ ಹಿಡಿದು, ಉಂಗುರ ಹಾಕಿಸಿ, ಹಾರಿಬಿಡತೊಡಗಿದವು. ಆ ಉಂಗುರಗಳು ಮುಂದೆ ಮಧ್ಯ ಏಷ್ಯಾದಲ್ಲಿ, ಸೈಬೀರಿಯಾದಲ್ಲಿ ಸಿಕ್ಕವು. ಚಳಿಗಾಲದಲ್ಲಿ ನಮ್ಮ ಕೆರೆಗೆ ಬರುವ ಬಾತು ಎಲ್ಲಿಯದೆಂಬುದು ಹೀಗೆ ಗೊತ್ತಾಗತೊಡಗಿತು.

ಗೋಡೆ ಎದ್ದಿತು

1981ರಲ್ಲಿ ಒಡಿಶಾದ ಚಿಲಿಕಾ ಸರೋವರದೊಂದಿಗೆ ಕೇವಲಾದೇವವೂ ರಾಮ್‌ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಅದು. ಭಾರತದಿಂದ ಮೊದಲು ಸೇರಿದವು ಇವೆರಡೇ. ಮರುವರ್ಷ, 1982ರ ಮಾರ್ಚ್‌ನಲ್ಲಿ, ರಾಷ್ಟ್ರೀಯ ಉದ್ಯಾನದ ಪಟ್ಟ ಬಂತು. 1985ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾಣವೂ ಆಯಿತು.

ಪಟ್ಟದ ಜೊತೆಗೇ ಪೆಟ್ಟೂ ಬಂತು. ಅಭಯಾರಣ್ಯಕ್ಕೂ ರಾಷ್ಟ್ರೀಯ ಉದ್ಯಾನಕ್ಕೂ ವ್ಯತ್ಯಾಸವೇನೆಂದು ವಿದ್ಯಾರ್ಥಿಗಳು ಕೇಳುವುದುಂಟು. ಇಲ್ಲಿ ಮುಖ್ಯವಾದ ವ್ಯತ್ಯಾಸ ಒಂದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ನಿಯಮಕ್ಕೊಳಪಟ್ಟು ದನ ಮೇಯಿಸಲು ಅವಕಾಶ ಇರಬಹುದು. ರಾಷ್ಟ್ರೀಯ ಉದ್ಯಾನದಲ್ಲಿ ಇಲ್ಲ. ಸುತ್ತಲಿನ ಹಳ್ಳಿಗಳ ಎರಡು ಮೂರು ಸಾವಿರ ದನ-ಎಮ್ಮೆಗಳು ತಲೆತಲಾಂತರದಿಂದ ಮೇಯುತ್ತಿದ್ದ ಜಾಗಕ್ಕೆ ಕಲ್ಲಿನ ಗೋಡೆ ಎದ್ದಿತು. ನಿಷೇಧ ಬೇಕೆಂದವರಲ್ಲಿ ಅಧಿಕಾರಿಗಳಷ್ಟೇ ಅಲ್ಲ, ಹಕ್ಕಿಗಳನ್ನು ಪ್ರೀತಿಸುವ ವಿಜ್ಞಾನಿಗಳೂ ಇದ್ದರು. ದನ ಹೊರಗಿದ್ದರೆ ಹಕ್ಕಿಗೆ ಒಳ್ಳೆಯದೆಂಬುದು ಆಗಿನ ನಂಬಿಕೆ. ಅದರಲ್ಲಿ ಯಾರಿಗೂ ಅನುಮಾನ ಇದ್ದಂತೆ ಕಾಣದು.

ಹಳ್ಳಿಗರಿಗೆ ಬೇರೆ ಗೋಮಾಳ ತೋರಿಸಿ ನಿಷೇಧ ಹೇರಿದ್ದರೆ ಒಂದು ಮಾತು. ಅದಾಗಲಿಲ್ಲ. 1982ರ ನವೆಂಬರ್‌ನಲ್ಲಿ ಎಮ್ಮೆಗಳನ್ನು ಬಲವಂತವಾಗಿ ಒಳಗೆ ನುಗ್ಗಿಸಲು ಬಂದ ಹಳ್ಳಿಗರಿಗೂ ಪೊಲೀಸರಿಗೂ ಘರ್ಷಣೆಯಾಯಿತು. ಗುಂಡು ಹಾರಿತು. ಏಳು ಮಂದಿ ಸತ್ತರೆಂಬುದು ಸಾಮಾನ್ಯವಾಗಿ ಸಿಗುವ ಲೆಕ್ಕ. ಹಕ್ಕಿಗಳ ಮೇಲೆ ಬಂದೂಕು ನಿಂತ ಹತ್ತೇ ವರ್ಷಕ್ಕೆ ಅದೇ ಊರಿನಲ್ಲಿ ಮನುಷ್ಯರ ಮೇಲೆ ಬಂದೂಕು ಎತ್ತಲಾಯಿತು. ಕಲ್ಲಿನ ಫಲಕದಲ್ಲಿ ಬಾತುಗಳ ಲೆಕ್ಕವಿದೆ. ಈ ಏಳು ಜನರ ಲೆಕ್ಕವಿಲ್ಲ.

ಹುಲ್ಲು ಹೇಳಿದ ಸತ್ಯ

ಅದೃಷ್ಟಕ್ಕೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1980ರಲ್ಲೇ, ಅಂದರೆ ನಿಷೇಧಕ್ಕೆ ಮೊದಲೇ, ಅಲ್ಲಿ ಸುದೀರ್ಘ ಅಧ್ಯಯನವೊಂದನ್ನು ಶುರುಮಾಡಿತ್ತು. ಡಾ. ವಿ.ಎಸ್. ವಿಜಯನ್ ಅವರ ನೇತೃತ್ವದಲ್ಲಿ ಹತ್ತು ವರ್ಷ ನಡೆಯಿತು. ನೀರು, ಮಣ್ಣು, ಸಸ್ಯ, ಮೀನು, ಹಕ್ಕಿ ಎಲ್ಲದರ ಲೆಕ್ಕ. ಎಮ್ಮೆ ಇದ್ದಾಗ ಹೇಗಿತ್ತು, ಎಮ್ಮೆ ಹೋದ ಮೇಲೆ ಹೇಗಾಯಿತು ಎಂದು ಪಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ವಿಜ್ಞಾನಿಗಳಿಗೆ ಹೀಗೆ ಸಿಗುವುದು ಅಪರೂಪ.

ಕಂಡದ್ದು ಅವರು ನಿರೀಕ್ಷಿಸಿದ್ದರ ತಿರುವುಮುರುವು. ಪ್ಯಾಸ್ಪಾಲಮ್ ಎಂಬ ನೀರುಹುಲ್ಲು ಕೆರೆಯನ್ನೇ ನುಂಗತೊಡಗಿತ್ತು. ಇದು ಕೆಸರಿನಲ್ಲಿ ಬೇರೂರಿ, ಗಿಣ್ಣುಗಿಣ್ಣಿಗೂ ಚಿಗುರಿ, ನೀರಿನ ಮೇಲೆ ಚಾಪೆಯಂತೆ ಹರಡುತ್ತದೆ. ಚಾಪೆಯ ಕೆಳಗೆ ಬಿಸಿಲು ಇಳಿಯುವುದಿಲ್ಲ. ಬಿಸಿಲಿಲ್ಲದೆ ಬಾತುಗಳು ತಿನ್ನುವ ಮುಳುಗುಸಸ್ಯಗಳು ಸಾಯುತ್ತವೆ. ಮೀನಿಗೆ ಈಜಲು, ನೀರುಕಾಗೆಗೆ ಮುಳುಗಲು, ಬಾತಿಗೆ ಇಳಿಯಲು ತೆರೆದ ನೀರೇ ಇರುವುದಿಲ್ಲ. ಸತ್ತ ಹುಲ್ಲು ಕೊಳೆತು ತಳಕ್ಕೆ ಕೂತು ವರ್ಷದಿಂದ ವರ್ಷಕ್ಕೆ ಕೆರೆಯಂಗಳ ಮೇಲೇರುತ್ತದೆ.

ಇಷ್ಟು ಕಾಲ ಈ ಹುಲ್ಲನ್ನು ಹತೋಟಿಯಲ್ಲಿಟ್ಟಿದ್ದವರು ಯಾರು? ಎಮ್ಮೆಗಳು! ಹಸು ದಡದಲ್ಲಿ ನಿಂತು ಮೇದರೆ, ಎಮ್ಮೆ ಹೊಟ್ಟೆಮಟ್ಟದ ನೀರಿಗೆ ಇಳಿದು ಮೇಯುತ್ತದೆ. ಎಮ್ಮೆ ಕೆರೆಗೆ ಇಳಿದರೆ ಮೇಲೇಳುವುದಿಲ್ಲವೆಂದು ನಮ್ಮ ಹಳ್ಳಿಯ ಹುಡುಗರು ಗೊಣಗುವುದು ಸುಳ್ಳಲ್ಲ. ಅದರ ಗೊರಸು ಕೆಸರನ್ನು ಕಲಕಿ ಸಡಿಲ ಮಾಡುತ್ತದೆ, ಸೆಗಣಿ ಹುಳುಹುಪ್ಪಟೆಗೆ, ಆ ಮೂಲಕ ಮೀನಿಗೆ ಆಹಾರವಾಗುತ್ತದೆ. ಸೂರಜ್‌ಮಲ್‌ನ ಏರಿ, ಹರಭಾಮಜಿಯ ತೂಬು, ಹಳ್ಳಿಗರ ಎಮ್ಮೆ ಈ ಮೂರೂ ಸೇರಿಯೇ ಅದು ಹಕ್ಕಿಕೆರೆಯಾಗಿತ್ತು. ಮೂರನೆಯದನ್ನು ಕಳಚಿದ್ದರಿಂದ ಗಾಡಿ ಒಂದು ಕಡೆಗೆ ವಾಲಿತು.

ಹುಲ್ಲುಗಾವಲಿನಲ್ಲೂ ಇದೇ ಕಥೆ. ಮೇಯುವವರಿಲ್ಲದೆ ಲಾಮಂಚ, ದರ್ಭೆ ಆಳೆತ್ತರ ಬೆಳೆದು ಬೇಸಿಗೆಯಲ್ಲಿ ಒಣಗಿ ನಿಂತವು. ಒಂದು ಬೀಡಿಯ ಕಿಡಿ ಸಾಕು. ಕಡೆಗೆ ಅಧ್ಯಯನದ ತಂಡವೇ ಮಿತವಾಗಿ ಎಮ್ಮೆ ಮೇಯಿಸುವುದು ಉದ್ಯಾನಕ್ಕೆ ಒಳ್ಳೆಯದೆಂದು ಹೇಳಬೇಕಾಯಿತು. ತಮ್ಮ ಕಡೆಯವರ ನಂಬಿಕೆಗೆ ವಿರುದ್ಧವಾದ ಲೆಕ್ಕವನ್ನು ಮುಚ್ಚಿಡದೆ ಪ್ರಕಟಿಸಿದ್ದು ಸಣ್ಣ ಮಾತಲ್ಲ. ಕಾಯ್ದೆ ಮಾತ್ರ ಅಲ್ಲಾಡಲಿಲ್ಲ. ಎಮ್ಮೆ ಒಳಗೆ ಬರಕೂಡದು, ಆದರೆ ಹಳ್ಳಿಗರು ಕುಡುಗೋಲು ಹಿಡಿದು ಬಂದು ಹುಲ್ಲು ಕೊಯ್ದು ಹೊತ್ತೊಯ್ಯಬಹುದು ಎಂಬ ಮಧ್ಯದ ದಾರಿ ಹುಡುಕಲಾಯಿತು. ದಡದ ಹುಲ್ಲಿಗೆ ಅದು ಸರಿ. ನಡುನೀರಿನ ಪ್ಯಾಸ್ಪಾಲಮ್ಮಿಗೆ ಕುಡುಗೋಲು ಸಾಲದು. ಯಂತ್ರ ಇಳಿಸಿ ಕೆರೆದರೆ ಹುಲ್ಲಿನ ಜೊತೆ ಹಕ್ಕಿಗಳಿಗೆ ಬೇಕಾದ ಗೆಡ್ಡೆಗಳೂ ಕಿತ್ತುಹೋಗುತ್ತವೆ. ಎಮ್ಮೆಯ ನಾಲಿಗೆಗಿರುವ ನಾಜೂಕು ಬುಲ್ಡೋಜರಿಗೆ ಎಲ್ಲಿಂದ ಬರಬೇಕು?

ಬಾರದ ಬಿಳಿಯ ಅತಿಥಿ

ಗೆಡ್ಡೆಯ ಮಾತು ಬಂತಲ್ಲ. ಭರತಪುರವನ್ನು ಜಗತ್ಪ್ರಸಿದ್ಧ ಮಾಡಿದ ಹಕ್ಕಿಯ ಮುಖ್ಯ ಆಹಾರವೇ ಅಲ್ಲಿನ ಕೆಸರೊಳಗಿನ ಗೆಡ್ಡೆಗಳು. ಅದೇ ಸೈಬೀರಿಯನ್ ಕ್ರೇನ್. ಹಾಲುಬಿಳುಪಿನ ಮೈ, ಕೆಂಪು ಮುಖ; ಹಾರಿದಾಗ ಮಾತ್ರ ಕಾಣುವ ರೆಕ್ಕೆತುದಿಯ ಕಪ್ಪು. ನಿಂತರೆ ಎಂಟು ಹತ್ತು ವರ್ಷದ ಮಗುವಿನೆತ್ತರ. ಕನ್ನಡದಲ್ಲಿ ಉದ್ದಕಾಲಿನದ್ದನ್ನೆಲ್ಲ ಕೊಕ್ಕರೆ ಎಂದುಬಿಡುತ್ತೇವೆ. ಆದರೆ ಕ್ರೇನ್ ಬೇರೆ, ಕೊಕ್ಕರೆ ಬೇರೆ. ಕೊಕ್ಕರೆ ಮರದ ಮೇಲೆ ಗೂಡು ಕಟ್ಟುತ್ತದೆ, ಬೆಳೆದ ಮೇಲೆ ಹೆಚ್ಚುಕಡಿಮೆ ಮೂಕಹಕ್ಕಿ, ಕೊಕ್ಕು ಬಡಿದು ಸದ್ದು ಮಾಡುತ್ತದೆ. ನಮ್ಮ ದೇಶದ ಕ್ರೇನ್‌ಗಳು ಮರ ಹತ್ತುವುದಿಲ್ಲ, ನೆಲದ ಮೇಲೇ ಗೂಡು, ಕಹಳೆಯಂಥ ಕೂಗು. ಜೀವನಪರ್ಯಂತ ಒಂದೇ ಜೋಡಿ. ಎರಡು ಮೊಟ್ಟೆಯಿಟ್ಟರೂ ಸಾಮಾನ್ಯವಾಗಿ ಉಳಿಯುವುದು ಒಂದೇ ಮರಿ. ಭರತಪುರದಲ್ಲಿ ಅಪ್ಪ, ಅಮ್ಮ, ನಡುವೆ ಕಂದುಬಣ್ಣದ ಒಂದು ಮರಿ ಹೀಗೆ ಮೂವರ ಸಂಸಾರ ನೀರಲ್ಲಿ ಕೊಕ್ಕು ಮುಳುಗಿಸಿ ನಿಂತಿರುತ್ತಿತ್ತು.

ಪಶ್ಚಿಮ ಸೈಬೀರಿಯಾದ ಓಬ್ ನದಿಯ ಬಯಲಿನಿಂದ ಹೊರಟು, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ, ಐದು ಸಾವಿರ ಕಿಲೋಮೀಟರಿಗೂ ಮೀರಿದ ಪ್ರಯಾಣ. 1964-65ರ ಚಳಿಗಾಲದಲ್ಲಿ ಭರತಪುರದಲ್ಲಿ 200 ಕ್ರೇನ್‌ಗಳಿದ್ದವು. ಆಮೇಲೆ ಕಡಿಮೆಯಾಗುತ್ತಲೇ ಹೋದವು. 1992-93ರಲ್ಲಿ ಬಂದದ್ದು ಐದು. ಮುಂದಿನ ಎರಡು ಚಳಿಗಾಲ ಒಂದೂ ಬರಲಿಲ್ಲ. ಬೇರೆಡೆ ಸಾಕಿ ಬೆಳೆಸಿದ ಮರಿಗಳನ್ನು ತಂದು ಬಿಟ್ಟು, ಕಾಡಿನ ಹಕ್ಕಿಗಳು ಅವನ್ನು ಕರೆದೊಯ್ದಾವೆಂಬ ಆಸೆಯಲ್ಲಿ ಕಾದದ್ದೂ ಆಯಿತು. 1996ರಲ್ಲಿ ಕೆಲವು ಮತ್ತೆ ಕಂಡಾಗ ಎಲ್ಲರಿಗೂ ಹೋದ ಜೀವ ಬಂದಂತಾಗಿತ್ತು. 2001-02ರ ಚಳಿಗಾಲದಲ್ಲಿ ಒಂದು ಜೋಡಿ ಬಂತು, ವಸಂತದಲ್ಲಿ ಉತ್ತರಕ್ಕೆ ಹಾರಿತು. ಭಾರತಕ್ಕೆ ಬಂದ ಕೊನೆಯ ಜೋಡಿ ಅದು.

ಎಮ್ಮೆ ನಿಷೇಧದಿಂದಲೇ ಕ್ರೇನ್ ಹೋಯಿತೆಂದು ಹೇಳುವವರಿದ್ದಾರೆ. ಹುಲ್ಲಿನ ಬೇರು ಹೆಣೆದು ಗಟ್ಟಿಯಾದ ಕೆಸರಿನಲ್ಲಿ ಗೆಡ್ಡೆ ಅಗೆಯುವುದು ಅದಕ್ಕೆ ಕಷ್ಟವಾದದ್ದು ನಿಜ. ಆದರೆ 1982ಕ್ಕೆ ಬಹಳ ಮೊದಲೇ ಸಂಖ್ಯೆ ಕುಸಿಯತೊಡಗಿತ್ತು. ದಾರಿಯುದ್ದಕ್ಕೂ ಬೇಟೆ, 1979ರಿಂದಾಚೆ ಅಫ್ಘಾನಿಸ್ತಾನದಲ್ಲಿ ಯುದ್ಧ, ಮನೆಮನೆಯಲ್ಲಿ ಬಂದೂಕು. ವರ್ಷಕ್ಕೊಂದೇ ಮರಿ ಬೆಳೆಸುವ ಹಕ್ಕಿ ಇದನ್ನೆಲ್ಲ ಎಷ್ಟು ಕಾಲ ತಾಳೀತು? ಎಲ್ಲ ತಪ್ಪನ್ನೂ ಒಂದೇ ಗೋಡೆಯ ಮೇಲೆ ಹೊರಿಸುವುದು ಸುಲಭ, ಸರಿಯಲ್ಲ. ಇವುಗಳ ಪೂರ್ವದ ಬಳಗ ಮಾತ್ರ ಇನ್ನೂ ಇದೆ. ಕೆಲವು ಸಾವಿರ ಕ್ರೇನ್‌ಗಳು ಚೀನಾದ ಪೊಯಾಂಗ್ ಸರೋವರದ ಸುತ್ತ ಚಳಿಗಾಲ ಕಳೆಯುತ್ತವೆ.

ಅರ್ಧ ಟಿಎಂಸಿಯ ಜಗಳ

ಎಮ್ಮೆಯ ಜಗಳ ತಣ್ಣಗಾಗುವ ಹೊತ್ತಿಗೆ ನೀರಿನ ಜಗಳ ಬಂತು. ಉದ್ಯಾನಕ್ಕೆ ವರ್ಷಕ್ಕೆ ಬೇಕಾದ ನೀರು ಸುಮಾರು 55 ಕೋಟಿ ಘನ ಅಡಿ. ಕಾವೇರಿಯ ಸುದ್ದಿ ಓದುವ ನಮಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಧ ಟಿಎಂಸಿಗಿಂತ ತುಸು ಹೆಚ್ಚು. ಬಾಣಗಂಗಾ ನದಿಗೆ ಮೇಲ್ಭಾಗದಲ್ಲಿ ಅಣೆಕಟ್ಟುಗಳು ಬಂದು ಅದು ಆಗಲೇ ಸೊರಗಿತ್ತು. ಗಂಭೀರ್ ನದಿಗೆ ಕರೌಲಿ ಜಿಲ್ಲೆಯಲ್ಲಿ ಪಾಂಚನಾ ಅಣೆಕಟ್ಟು ಎದ್ದಿತು. ಮಳೆ ಕೈಕೊಟ್ಟ 2004ರಲ್ಲಿ, ಹಕ್ಕಿಗೆ ನೀರು ಬಿಟ್ಟರೆ ನಮ್ಮ ಹೊಲಕ್ಕೇನು ಎಂದು ಅಲ್ಲಿನ ರೈತರು ಪಟ್ಟುಹಿಡಿದರು. ನೀರು ಸಾಕಷ್ಟು ಬರಲಿಲ್ಲ. ಮುಂದೆಯೂ ಬರ ಬಂದ ವರ್ಷಗಳಲ್ಲಿ ಕೆರೆಯಂಗಳ ಬಿರುಕುಬಿಟ್ಟಿತು, ಕೊಕ್ಕರೆಗಳು ಗೂಡು ಕಟ್ಟಲಿಲ್ಲ. 2008ರಲ್ಲಿ ಯುನೆಸ್ಕೋದ ತಂಡ ಪರಿಶೀಲನೆಗೆ ಬಂತು. ಪರಂಪರೆಯ ಪಟ್ಟಿಯಲ್ಲಿ ಉಳಿಯುವುದೇ ಅನುಮಾನ ಎನ್ನುವ ಸ್ಥಿತಿ ಆಗಿತ್ತು.

ಕೊನೆಗೆ ಬೇರೆ ದಾರಿ ಹುಡುಕಿದರು. ಗೋವರ್ಧನದ ಕಡೆಯ ಪ್ರವಾಹದ ನೀರನ್ನು ತರುವ ಯೋಜನೆ 2012ರಲ್ಲಿ ಕೈಗೂಡಿತು. ಚಂಬಲ್ ನದಿಯಿಂದ ಕೊಳವೆಯಲ್ಲೂ ಒಂದಿಷ್ಟು ನೀರು ಬರುವಂತಾಯಿತು. ಕೆರೆಗೆ ಜೀವ ಬಂತು. ಆದರೆ ಕೊಳವೆಯ ನೀರಿಗೂ ಹೊಳೆಯ ನೀರಿಗೂ ವ್ಯತ್ಯಾಸವಿದೆ. ಉಕ್ಕಿಬಂದ ಹೊಳೆ ಮೆಕ್ಕಲು, ಬೀಜ, ಮೀನುಮರಿ ಎಲ್ಲ ಹೊತ್ತು ತರುತ್ತದೆ. ಪಂಪು ತರುವುದು ಬರೀ ನೀರು.

ಈ ನಡುವೆ ಒಂದು ಒಳ್ಳೆಯ ಸಂಗತಿಯೂ ನಡೆಯಿತು. ಒಣಗಿದ ಜಾಗಗಳನ್ನೆಲ್ಲ ಬಳ್ಳಾರಿ ಜಾಲಿ ಆಕ್ರಮಿಸಿತ್ತು. ನಮ್ಮ ಬಯಲುಸೀಮೆಯ ಕೆರೆಗಳನ್ನು ಹಾಳುಮಾಡಿದ ಅದೇ ಜಾಲಿ, ಮೂಲತಃ ಅಮೆರಿಕಾ ಖಂಡದ ಗಿಡ. ಬೇರುಸಹಿತ ಕಿತ್ತರೆ ಸೌದೆ ನಿಮ್ಮದು ಎಂದು ಅರಣ್ಯ ಇಲಾಖೆ ಸುತ್ತಲಿನ ಹಳ್ಳಿಗರಿಗೆ ಹೇಳಿತು. ಕೊಡಲಿ, ಹಾರೆ ಹಿಡಿದು ಬಂದರು. 25 ವರ್ಷಗಳ ಹಿಂದೆ ಗೋಡೆಯಾಚೆ ಅಟ್ಟಿಸಿಕೊಂಡವರ ಮಕ್ಕಳೂ ಅವರಲ್ಲಿದ್ದಿರಬೇಕು. ಜಾಲಿ ತೆಗೆದ ಜಾಗದಲ್ಲಿ ಹುಲ್ಲು ಚಿಗುರಿ ಜಿಂಕೆಗಳು ಬಂದವು. ಸೈಕಲ್ ರಿಕ್ಷಾ ತುಳಿಯುತ್ತಿದ್ದವರು ಹಕ್ಕಿ ಗುರುತಿಸುವ ತರಬೇತಿ ಪಡೆದು, ವಿದೇಶಿ ಪ್ರವಾಸಿಗರಿಗೆ ಇಂಗ್ಲಿಷಿನಲ್ಲೇ ನೂರಾರು ಹಕ್ಕಿಗಳ ಹೆಸರು ಹೇಳುವ ಮಾರ್ಗದರ್ಶಕರಾದದ್ದೂ ಇಲ್ಲೇ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನು ಕಂಡವರಿಗೆ ಇದು ಅಚ್ಚರಿಯಲ್ಲ. ಅಲ್ಲಿ ಗೋಡೆಯೇ ಇಲ್ಲ. ಮನೆಯಂಗಳದ ಹುಣಸೆಮರದ ಮೇಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಬಾಣಂತನ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು.

ಮಕ್ಕಳನ್ನು ಕರೆದುಕೊಂಡು ಭರತಪುರಕ್ಕೆ ಹೋಗುವುದಾದರೆ ಎರಡು ಕಾಲ ಚೆನ್ನ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಗೂಡುಗಳ ಗದ್ದಲ. ನವೆಂಬರ್‌ನಿಂದ ಫೆಬ್ರುವರಿವರೆಗೆ ಹೊರನಾಡಿನ ಬಾತುಗಳು, ಪಟ್ಟೆತಲೆಯ ಹೆಬ್ಬಾತುಗಳು. ಹಿಮಾಲಯ ದಾಟಿ ಬರುವ ಈ ಹೆಬ್ಬಾತುಗಳನ್ನು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲೂ ನೋಡಬಹುದು. ಉದ್ಯಾನದೊಳಗೆ ನಡೆದುಕೊಂಡೇ ಹೋಗಬಹುದು. ಬೈನಾಕ್ಯುಲರ್ ಇದ್ದರೆ ಸರಿ, ಇಲ್ಲದಿದ್ದರೂ ನಷ್ಟವಿಲ್ಲ. ಬಣ್ಣದ ಕೊಕ್ಕರೆಯ ಮರಿಗಳು ಕೂಗಿಟ್ಟು ಮೀನು ಕೇಳುವುದು ದಾರಿಯಿಂದಲೇ ಕಾಣುತ್ತದೆ. ಬಿಳಿಯ ಕ್ರೇನ್ ಸಿಗದು. ಆದರೆ ಅದಕ್ಕಿಂತ ಎತ್ತರದ, ಬೂದುಮೈ ಕೆಂಪುತಲೆಯ ಸಾರಸಗಳು ಜೋಡಿಯಾಗಿ ಹುಲ್ಲುಗಾವಲಿನಲ್ಲಿ ಓಡಾಡುವುದು ಅದೃಷ್ಟವಿದ್ದರೆ ಕಂಡೀತು. ಅಲ್ಲಿ ಕಾಣದಿದ್ದರೆ ಗೋಡೆಯಾಚೆಯ ಹೊಲಗಳತ್ತ ಒಮ್ಮೆ ನೋಡಬೇಕು. ರೈತರು ಉಳುವ ಗದ್ದೆಯಲ್ಲೂ, ಎಮ್ಮೆ ಮೇಯುವ ಹೊಂಡದ ಪಕ್ಕದಲ್ಲೂ ಸಾರಸ ಹೆದರದೆ ಗೂಡು ಕಟ್ಟುತ್ತದೆ.